ಕೂಡಿ ಕಲಿತ ಲೆಕ್ಕ, ಕೇಳಿ ಕಲಿತ ಲೆಕ್ಕ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಯಾವ ಹಳ್ಳಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಎಲ್ಲಾ ಪಾಸಾಗ್ಯಾವ್ರಿ, ಗಣಿತ ಒಂದ ಹೋತು." ಆ ಒಂದು ವಿಷಯ ಹೋದ ಹುಡುಗ ಗ್ಯಾರೇಜಿಗೋ ಗೌಂಡಿ ಕೆಲಸಕ್ಕೋ ಹೋಗುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಉಳಿಯುತ್ತಾಳೆ, ಮರುವರ್ಷ ನಿಕಾಹ್ ಮಾತುಕತೆ ಶುರುವಾಗುತ್ತದೆ. ಪಾಲಕರನ್ನು ಕೇಳಿದರೆ "ನಮ್ಮ ಮಂದಿಗೆ ಲೆಕ್ಕ ಹತ್ತೂದಿಲ್ರಿ" ಎನ್ನುತ್ತಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ಗಣಿತ ನನ್ನ ವಿಷಯವಲ್ಲ. ಆದರೆ ಈ ಮಾತು ನಿಜವೇ ಎಂದು ಇತಿಹಾಸವನ್ನು ಕೇಳಲು ಗಣಿತದ ಪದವಿ ಬೇಕಾಗಿಲ್ಲ.

ಕ್ರಿ.ಶ. ಒಂಬತ್ತನೆಯ ಶತಮಾನಕ್ಕೆ ಹೋಗೋಣ. ಬಗ್ದಾದಿನಲ್ಲಿ ಖಲೀಫಾ ಅಲ್-ಮಾಮೂನ್ (813-833) ಆಳುತ್ತಿದ್ದ. ಅವನ ಆಶ್ರಯದಲ್ಲಿದ್ದ ಅಲ್-ಖ್ವಾರಿಜ್ಮಿ 'ಅಲ್-ಜಬ್ರ್' ಬಗ್ಗೆ ಗ್ರಂಥ ಬರೆದ; 'ಆಲ್ಜೀಬ್ರಾ' ಎಂಬ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಆಸ್ತಿಯ ಪಾಲು, ವ್ಯಾಪಾರ, ಹೊಲದ ಅಳತೆ, ಇವುಗಳಿಗೆ ಉಪಯೋಗವಾಗಲೆಂದೇ ಅವನು ಅದನ್ನು ಬರೆದದ್ದು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ರೀತಿಯನ್ನು ವಿವರಿಸಿ ಇನ್ನೊಂದು ಪುಸ್ತಕವನ್ನೂ ಬರೆದ. ಅದೇ ಊರಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಅಣ್ಣತಮ್ಮಂದಿರು, ಮುಹಮ್ಮದ್, ಅಹ್ಮದ್ ಮತ್ತು ಹಸನ್, ಒಟ್ಟಿಗೆ ಕುಳಿತು ರೇಖಾಗಣಿತದ ಗ್ರಂಥ ರಚಿಸಿದರು.

ಅದೇ ಕಾಲಕ್ಕೆ ನಮ್ಮ ನೆಲದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ (814-878) ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ. 851ರ ಅರಬ್ಬೀ ಪ್ರವಾಸ ವೃತ್ತಾಂತವೊಂದು ಲೋಕದ ನಾಲ್ವರು ದೊಡ್ಡ ದೊರೆಗಳಲ್ಲಿ ಖಲೀಫನ ಜೊತೆಗೆ 'ಬಲ್ಹರಾ'ನನ್ನೂ ಎಣಿಸುತ್ತದೆ. ಆ ಬಲ್ಹರಾ ನಮ್ಮ ರಾಷ್ಟ್ರಕೂಟ ಅರಸನೇ. ಅವನ ಕಾಲದಲ್ಲಿದ್ದ ಜೈನ ವಿದ್ವಾಂಸ ಮಹಾವೀರಾಚಾರ್ಯ ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದ. ಅದರ ಆರಂಭದಲ್ಲಿಯೇ ಅಡುಗೆ, ಸಂಗೀತ, ನಾಟ್ಯ, ಮನೆ ಕಟ್ಟುವುದು, ಎಲ್ಲದಕ್ಕೂ ಗಣಿತ ಬೇಕೆಂದು ಹೇಳಿದ್ದಾನೆ.

ವಿದ್ಯಾರ್ಥಿ ಮಿತ್ರರೇ, ಈ ಗ್ರಂಥದಲ್ಲಿ ಹಾರದಂತಿರುವ ಗುಣಲಬ್ಧಗಳ ಲೆಕ್ಕಗಳಿವೆ. 139ನ್ನು 109ರಿಂದ ಗುಣಿಸಿರಿ. 15151 ಬರುತ್ತದೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 27994681ನ್ನು 441ರಿಂದ ಗುಣಿಸಿದರೆ 12345654321. ಈ ಲೆಕ್ಕದಿಂದ ಯಾವ ಅಂಗಡಿಯ ಬಾಕಿಯೂ ತೀರುವುದಿಲ್ಲ. ಓದುವವನು "ಅರೆ, ಇದು ಹೇಗಾಯಿತು?" ಎಂದು ಕೇಳಲಿ ಎಂದೇ ಕೊಟ್ಟದ್ದು. ಹನ್ನೊಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡ ನಾಡಿನ ಗಣಿತಕ್ಕೆ ಕುತೂಹಲವಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಹೆಚ್ಚು ಪ್ರಿಯ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗುವುದಿಲ್ಲ ಎಂದು ಮಹಾವೀರಾಚಾರ್ಯ ಬರೆದಿದ್ದಾನೆ. ಅದು ತಪ್ಪು. ಅವನಿಗಿಂತ ಮೊದಲು 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ. ಅದನ್ನೂ ಇಂದು ಒಪ್ಪುವುದಿಲ್ಲ. 1150ರಲ್ಲಿ ಭಾಸ್ಕರಾಚಾರ್ಯ ಸೊನ್ನೆಯಿಂದ ಭಾಗಿಸಿದ್ದನ್ನು ಅನಂತ ಎಂದು ತಿಳಿದ. ಇಂದಿನ ಪುಸ್ತಕ ಈ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ. ಇಷ್ಟು ದೊಡ್ಡವರು ಐದು ನೂರು ವರ್ಷ ಎಡವಿದ ಜಾಗದಲ್ಲಿ ನಮ್ಮ ಎಂಟನೆಯ ವರ್ಗದ ಹುಡುಗ ಎಡವಿದರೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸುವುದು ಯಾವ ನ್ಯಾಯ? ಅದರ ಬದಲು ನಾಲ್ಕು ನಾಲ್ಕು ಮಕ್ಕಳನ್ನು ಕೂಡಿಸಿ ಕೇಳಬಹುದು: 12ರಲ್ಲಿ 3ನ್ನು ನಾಲ್ಕು ಸಲ ಕಳೆದರೆ ಮುಗಿಯಿತು, 12ರಲ್ಲಿ ಸೊನ್ನೆಯನ್ನು ಎಷ್ಟು ಸಲ ಕಳೆದರೆ ಮುಗಿಯುತ್ತದೆ? ಒಬ್ಬ "ಎಷ್ಟು ಕಳೆದ್ರೂ ಮುಗಿಯೂದಿಲ್ರಿ" ಎನ್ನುತ್ತಾನೆ. ಅಷ್ಟರಲ್ಲಿ ಇನ್ನೊಬ್ಬಳು ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ 12 ಬರುವುದಿಲ್ಲ ಎಂದು ತಾಳೆ ನೋಡಿ ಹೇಳುತ್ತಾಳೆ. ಮಾಸ್ತರರು ಬಾಯಿ ತೆರೆಯುವ ಮೊದಲೇ ಮಕ್ಕಳು ಭಾಸ್ಕರನನ್ನು ದಾಟಿ ಇಂದಿಗೆ ಬಂದಿರುತ್ತಾರೆ.

ಇನ್ನು ಕೂಡಿ ಕಲಿಯುವ ವಿಚಾರ. 1822ರಲ್ಲಿ ಮದ್ರಾಸ್ ಪ್ರಾಂತದ ಗವರ್ನರ್ ಥಾಮಸ್ ಮನ್ರೋ, ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೊಡಬೇಕೆಂದು ಕಲೆಕ್ಟರರಿಗೆ ಬರೆದ. ನಮ್ಮ ಧಾರವಾಡವನ್ನು ಪೇಶ್ವೆಯರಿಂದ ಕಂಪನಿಗೆ ಗೆದ್ದುಕೊಟ್ಟವನೂ ಇದೇ ಮನ್ರೋ. ಆದರೆ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಈ ಲೆಕ್ಕದಲ್ಲಿಲ್ಲ. ನೆರೆಯ ಬಳ್ಳಾರಿ ಇದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಕಳಿಸಿದ ವರದಿಯಂತೆ ಅಲ್ಲಿ 533 ಶಾಲೆಗಳಿದ್ದವು: ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಫಾರ್ಸಿ 21, ತಮಿಳು 4, ಇಂಗ್ಲಿಷ್ 1. ಮಕ್ಕಳು ಮೊದಲು ಉಸುಕಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ, ಮೂರನೆಯವನಿಂದ ಛಡಿ ಏಟು! ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು, ಕಲಿಸುತ್ತ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಇದು ಮೆಚ್ಚತಕ್ಕ ಪದ್ಧತಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಕ್ಯಾಂಪ್‌ಬೆಲ್ ಬರೆದ. ಆಂಡ್ರ್ಯೂ ಬೆಲ್ ಎಂಬಾತ ಮದ್ರಾಸಿನ ಅನಾಥ ಬಾಲಕರ ಶಾಲೆಯಲ್ಲಿ ಇದೇ ಕ್ರಮ ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ್ದ. ಅಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು.

ಆದರೆ ಹಳೆಯದನ್ನೆಲ್ಲ ಹೊಗಳಿ ಮುಗಿಸುವಂತಿಲ್ಲ. ಮಕ್ಕಳು ಓದುವ ಪದ್ಯಗಳ ಅರ್ಥ ಅವರಿಗೆ ಗೊತ್ತಿರಲಿಲ್ಲ, ಗಿಳಿಪಾಠವಿತ್ತು ಎಂದೂ ಅದೇ ವರದಿಯಲ್ಲಿದೆ. ಕೂಡಿ ಕಲಿಯುವುದು ಉಳಿದಿತ್ತು, ಪ್ರಶ್ನೆ ಕೇಳುವುದು ಕಳೆದುಹೋಗಿತ್ತು. ಜಿಲ್ಲೆಯ ಸುಮಾರು 9 ಲಕ್ಷ 27 ಸಾವಿರ ಜನರಲ್ಲಿ ಶಾಲೆಯಲ್ಲಿದ್ದವರು 6641 ಮಾತ್ರ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ದುಡಿಮೆ ಹೋಯಿತು, ಜನ ಬಡವಾದರು ಎಂದು ಆ ಕಲೆಕ್ಟರನೇ ಕಾರಣ ಕೊಡುತ್ತಾನೆ. 6641ರಲ್ಲಿ ಮುಸ್ಲಿಂ ಹುಡುಗರು 243. ಹಿಂದೂ ಹುಡುಗಿಯರು 60. ಮುಸ್ಲಿಂ ಹುಡುಗಿಯರು? ಒಬ್ಬರೂ ಇಲ್ಲ. ಆ ಕೋಷ್ಟಕದ ಸೊನ್ನೆಯ ಮೇಲೆ ನಮ್ಮ ಸಂಘದ ಸದಸ್ಯರು ಒಂದು ಕ್ಷಣ ಕಣ್ಣಿಡಬೇಕೆಂದು ನನ್ನ ವಿನಂತಿ.

ಕೂಲಿಮಠಗಳಲ್ಲಿ ಐಗಳು ಹೇಳಿಸುತ್ತಿದ್ದ ಮಗ್ಗಿ ಇಪ್ಪತ್ತನೆಯ ಶತಮಾನದವರೆಗೂ ಬಂತು. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ ಎಲ್ಲವನ್ನೂ ಒಂದೇ ರಾಗದಲ್ಲಿ ಹೇಳಿಸುತ್ತಿದ್ದರು. ಹದಿನಾರು ಆಣೆಯ ರೂಪಾಯಿ, ಸೇರು, ಪಾವು ಇದ್ದಾಗ ಅದಕ್ಕೆ ಕೆಲಸವಿತ್ತು. 1957ರ ಏಪ್ರಿಲ್ 1ರಂದು ನೂರು ನಯೇ ಪೈಸೆಯ ರೂಪಾಯಿ ಬಂತು, ಮರುವರ್ಷದಿಂದ ಕಿಲೋ, ಲೀಟರು ಬಂದವು. ಕಾಲು-ಮುಕ್ಕಾಲಿನ ಮಗ್ಗಿ ನಿಂತಿತು. ಕಣ್ಣು ಮುಚ್ಚಿ ಹೇಳುವ ರೂಢಿ ಮಾತ್ರ ನಿಲ್ಲಲಿಲ್ಲ.

ಬದಲಾವಣೆಯ ಪ್ರಯತ್ನಗಳು ನಮ್ಮ ರಾಜ್ಯದಲ್ಲಿಯೇ ನಡೆದಿವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ 'ನಲಿ-ಕಲಿ' 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂಡುತ್ತಾರೆ, ಮಾಸ್ತರರೂ ಕೆಳಗೇ ಕೂಡುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಗಣಿತದ ಉದ್ದೇಶ ಸೂತ್ರ ತುಂಬುವುದಲ್ಲ, ಮಗುವಿನ ಯೋಚನೆಯನ್ನೇ ಗಣಿತಕ್ಕೆ ಹೊಂದಿಸುವುದು ಎಂದಿತು. 2011ರ ಸುಮಾರಿಗೆ ಅಕ್ಷರ ಫೌಂಡೇಶನ್ ಆರಂಭಿಸಿದ 'ಗಣಿತ ಕಲಿಕಾ ಆಂದೋಲನ' ನಾಲ್ಕು-ಐದನೆಯ ವರ್ಗಗಳಿಗೆ ಕಲಿಕಾ ಸಾಮಗ್ರಿಯ ಪೆಟ್ಟಿಗೆ ಕೊಟ್ಟಿತು. ಗ್ರಾಮ ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆಗಳೂ ನಡೆದವು. ಮೇಲಿನ ವರ್ಗಕ್ಕೆ ಹೋದಂತೆ ಮಾತ್ರ ಬೆಂಚುಗಳು ಸಾಲಾಗುತ್ತವೆ, ಬಾಯಿಗಳು ಮುಚ್ಚುತ್ತವೆ. ಪೋರ್ಷನ್ ಮುಗಿಯಬೇಕಲ್ಲ!

ಉರ್ದು ಶಾಲೆಯ ಮಗುವಿಗೆ ಇನ್ನೊಂದು ಕಷ್ಟವಿದೆ. ಅಲ್ಲಿ ಜಮಾ, ತಫ್ರೀಕ್, ಜರ್ಬ್, ತಕ್ಸೀಮ್ ಎಂದು ಕಲಿತದ್ದು ಕನ್ನಡ ಪ್ರೌಢಶಾಲೆಗೆ ಬಂದಾಗ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಆಗುತ್ತದೆ. ಮಗು ಲೆಕ್ಕದಲ್ಲಲ್ಲ, ಶಬ್ದದಲ್ಲಿ ಸೋಲುತ್ತದೆ. ಅಣ್ಣಿಗೇರಿಯ ಸಂತೆಯಲ್ಲಿ ಯಾರೂ ಸೋಲುವುದಿಲ್ಲ. ಜಮಾ, ಖರ್ಚು, ಬಾಕಿ ಎಂದರೆ ಕನ್ನಡದವರಿಗೂ ತಿಳಿಯುತ್ತದೆ. ಎರಡೂ ಭಾಷೆ ಬಲ್ಲ ಮಗುವನ್ನು ಒಂದೇ ಭಾಷೆಯ ಮಗುವಿನ ಪಕ್ಕ ಕೂಡಿಸಿ ಲೆಕ್ಕವನ್ನು ಬಾಯಿಮಾತಿನಲ್ಲಿ ಬಿಡಿಸಿ ಹೇಳಿಸುವುದಕ್ಕೆ ಯಾವ ಅನುದಾನವೂ ಬೇಡ.

ಮುಗಿಸುವ ಮೊದಲು ನವಲಗುಂದಕ್ಕೆ ಬರೋಣ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಇಲ್ಲಿನ ಜಮಖಾನೆ ಮುಸ್ಲಿಂ ಹೆಣ್ಣುಮಕ್ಕಳ ಕೈಕೆಲಸ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಜೊತೆಯಾಗಿ ಕುಳಿತು ನೇಯುತ್ತಾರೆ. ವಿದ್ಯೆ ಊರು ಬಿಟ್ಟು ಹೋಗಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿಯಿತ್ತೆಂದು ಹೇಳುತ್ತಾರೆ. ನವಿಲಿನಂತೆ ಪಗಡೆಯ ಹಾಸೂ ಈ ಜಮಖಾನೆಯ ಹೆಸರಾದ ವಿನ್ಯಾಸ. ಪಗಡೆಗೆ ನಾಲ್ಕು ತೋಳು, ತೋಳಿಗೆ ಮೂರು ಸಾಲು, ಸಾಲಿಗೆ 8 ಮನೆ, ಒಟ್ಟು 96. ನಡುವಿನ ಚೌಕ ಮೂರು ಮನೆಯಷ್ಟು ಅಗಲ. ಹಾಗಾದರೆ ಅಡ್ಡಕ್ಕೆ 8, 3, 8, ಅಂದರೆ 19 ಮನೆ. ಈಗ ಒಂಬತ್ತನೆಯ ವರ್ಗದ ಗುಂಪಿಗೆ ಈ ಪ್ರಶ್ನೆ ಕೊಡಿ: ಒಂದು ಮನೆಗೆ 5 ಹಾಸು ಎಳೆ ಹಿಡಿದರೆ ವಿನ್ಯಾಸಕ್ಕೆ ಎಷ್ಟು ಎಳೆ? ಮಗ್ಗಕ್ಕೆ 200 ಎಳೆ ಕಟ್ಟಿದರೆ ಪಗಡೆ ಸರಿಯಾಗಿ ನಡುವೆ ಕೂಡುತ್ತದೆಯೇ? ಇಲ್ಲವಾದರೆ ಒಂದು ಎಳೆ ಹೆಚ್ಚಿಸಬೇಕೋ, ಮನೆಗೆ 6 ಎಳೆ ಹಿಡಿದು ನೋಡಬೇಕೋ? ಒಂದು ವಾರ ಬಿಡಿ, ಮಕ್ಕಳು ತಮ್ಮತಮ್ಮಲ್ಲಿ ಜಗಳಾಡಲಿ. ಯಾವಳಾದರೂ ಮಗ್ಗದ ಮನೆಯ ಹುಡುಗಿ ಇದ್ದರೆ, ಮನೆಗೆ ಹೋಗಿ ದಾದಿಯನ್ನು ಕೇಳಿ ಬರಲಿ.