ಉಗಿ ತಾಪನ: ಒಂದು ರೇಡಿಯೇಟರ್ ಮಾತ್ರ ತಣ್ಣಗಿದ್ದಲ್ಲಿ

ನ್ಯೂಯಾರ್ಕ್ ನಗರದ ಹಳೆಯ ವಸತಿ ಕಟ್ಟಡಗಳಲ್ಲಿ ಉಗಿ ಒಂದೇ ಕೊಳವೆಯ ಮೂಲಕ ರೇಡಿಯೇಟರನ್ನು ಸೇರುವುದುಂಟು. ಇತರ ರೇಡಿಯೇಟರುಗಳು ಬಿಸಿಯಾಗಿದ್ದು ಒಂದು ಮಾತ್ರ ತಣ್ಣಗಿದ್ದಲ್ಲಿ, ಒಳಗೆ ಸಿಲುಕಿದ ಗಾಳಿಯೇ ಸಾಮಾನ್ಯ ಕಾರಣ. ಗಾಳಿ ಹೊರಹೋಗದೆ ಉಗಿ ಒಳಬರಲಾರದು. ಗೋಡೆಯ ಬಣ್ಣದಿಂದಲೂ ಏರ್ ವೆಂಟಿನ ರಂಧ್ರ ಮುಚ್ಚಿಹೋಗುತ್ತದೆ. ಬಿಸಿಯಿರುವಾಗ ಅದನ್ನು ಬಿಚ್ಚಕೂಡದು; ಸುಟ್ಟಗಾಯವಾಗುವ ಅಪಾಯವಿದೆ. ಬುಡದ ವಾಲ್ವನ್ನು ಪೂರ್ಣವಾಗಿ ತೆರೆದಿಡತಕ್ಕದ್ದು. ಅರ್ಧ ತೆರೆದರೆ ನೀರು ನಿಂತು ಬಡಿತದ ಸದ್ದು ಬರುತ್ತದೆ.

ಬಾಡಿಗೆ ಮನೆಗಳಲ್ಲಿ ದುರಸ್ತಿಯ ಹೊಣೆ ಮಾಲೀಕರದು. ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗಿನ ತಾಪಮಾನ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಾದಲ್ಲಿ ಒಳಗೆ ಕನಿಷ್ಠ 68 ಡಿಗ್ರಿ, ಉಳಿದ ರಾತ್ರಿ ವೇಳೆಯಲ್ಲಿ ಕನಿಷ್ಠ 62 ಡಿಗ್ರಿ ಇರತಕ್ಕದ್ದು. ಮಾಲೀಕರು ಕ್ರಮ ಕೈಗೊಳ್ಳದಿದ್ದಲ್ಲಿ ಬಾಡಿಗೆದಾರರು 311 ಸಂಖ್ಯೆಗೆ ದೂರು ಸಲ್ಲಿಸಬಹುದು.