ಮುಂಬಯಿಯ ತಟ್ಟೆಯಲ್ಲಿ ಊರಿನದು ಯಾವುದು?

ಹೊಸ ಊರಿಗೆ ಕಾಲಿಟ್ಟವರು ಮೊದಲು ವಿಚಾರಿಸುವುದು ಅಲ್ಲಿಯ ದೇವಸ್ಥಾನವನ್ನು, ಅನಂತರ ಅಲ್ಲಿಯ ತಿಂಡಿಯನ್ನು. ಧಾರವಾಡಕ್ಕೆ ಹೋದವರು ಪೇಡೆಯನ್ನು, ಬೆಳಗಾವಿಗೆ ಹೋದವರು ಕುಂದಾವನ್ನು, ಗೋಕಾಕಕ್ಕೆ ಹೋದವರು ಕರದಂಟನ್ನು ತಾರದೆ ಮರಳುವುದಿಲ್ಲ. ಊರಿಗೊಂದು ತಿಂಡಿ ಎಂಬ ಈ ಲೆಕ್ಕ ಕರ್ನಾಟಕದೊಳಗೆ ಸಲೀಸಾಗಿ ನಡೆಯುತ್ತದೆ. ಮುಂಬಯಿಗೆ ಬಂದಾಗ ಮಾತ್ರ ತೊಡಕಾಗುತ್ತದೆ. ಇಲ್ಲಿಯದೇ ಆದ ತಿಂಡಿಯನ್ನು ತೋರಿಸಿ ಎಂದು ಊರಿನವರು ಕೇಳಿದರೆ, ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ಇಲ್ಲಿ ವರ್ಷಗಟ್ಟಲೆ ಕಳೆದ ನಮ್ಮಂಥವರೂ ಒಂದು ಗಳಿಗೆ ತಡವರಿಸುತ್ತೇವೆ.

ಇದು ನಾಲಿಗೆಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ‘ಇಲ್ಲಿಯವರು ಯಾರು’ ಎಂಬ ವಾದ ಈ ನಗರದಲ್ಲಿ ಬೀದಿಗಿಳಿದ ದಿನಗಳಲ್ಲಿ ಕನ್ನಡಿಗರ ಹೋಟೆಲುಗಳ ಗಾಜು ಒಡೆದಿದೆ. ಹಾಗಾಗಿ ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಗೆಳೆಯರು ಬಂದಾಗ ಫೋರ್ಟಿನಿಂದ ಜುಹುವಿನವರೆಗೆ ಇಡೀ ದಿನ ಕಾರಿನಲ್ಲಿ ಸುತ್ತಿ, ನಿಂತಲ್ಲೆಲ್ಲ ಒಂದೊಂದು ತುತ್ತು ತಿಂದು, ಆ ತುತ್ತು ಇಲ್ಲಿಗೆ ಯಾವಾಗ ಬಂತು, ಯಾರು ತಂದರು ಎಂದು ವಿಚಾರಿಸುತ್ತ ಹೋದೆವು.

ಬೆಳಗಿನ ಹೊತ್ತು ಫೋರ್ಟಿನ ಬೀದಿಗಳು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದವು. ಮಂಗಳೂರು ಮೀನೂಟಕ್ಕೆ ಹೆಸರಾದ ‘ಲಂಚ್ ಹೋಮ್’ಗಳ ಬಾಗಿಲು ತೆರೆದಿರಲಿಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಓದಿದ ನಮಗೆ ಈ ಜೋಡಿಪದ ಇಂಗ್ಲೆಂಡಿನ ಯಾವ ಪುಸ್ತಕದಲ್ಲೂ ಸಿಕ್ಕ ನೆನಪಿಲ್ಲ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಗಂಡಸರ ನಗರದಲ್ಲಿ, ಮಧ್ಯಾಹ್ನದ ಅರ್ಧ ಗಂಟೆಯ ಮಟ್ಟಿಗೆ ಮನೆ ಎನ್ನಿಸಿಕೊಳ್ಳುವ ಜಾಗಕ್ಕೆ ಇದಕ್ಕಿಂತ ತಕ್ಕ ಹೆಸರಿಲ್ಲ. ಇದೇ ಫೋರ್ಟಿನಲ್ಲಿ ಕನ್ನಡದ ರಾತ್ರಿಶಾಲೆಗಳು ನಡೆದವು. ಹಗಲು ಲೋಟ ತೊಳೆದು, ಮೇಜು ಒರೆಸಿ, ಸಂಜೆ ಪಾಟೀಚೀಲ ಹಿಡಿದು ಬಂದ ಹೋಟೆಲಿನ ಮಾಣಿಗಳು ಅಲ್ಲಿ ಕನ್ನಡದಲ್ಲೇ ಮೆಟ್ರಿಕ್ ವರೆಗೆ ಓದಿದರು. ಅವರಲ್ಲಿ ಹಲವರು ಮುಂದೆ ಬ್ಯಾಂಕಿನ ಗುಮಾಸ್ತರಾದರು, ವಕೀಲರಾದರು, ಕೆಲವರು ಹೋಟೆಲಿನ ಗಲ್ಲೆಯ ಹಿಂದೆ ಕೂತ ಧಣಿಗಳಾದರು. ಮುಂಬಯಿ ಕನ್ನಡದ ಚರಿತ್ರೆಯನ್ನು ಸಭಾಭವನಗಳಿಂದ ಆರಂಭಿಸುವುದು ವಾಡಿಕೆ. ನಮಗೆ ತೋರುವಂತೆ ಅದನ್ನು ಈ ಮಾಣಿಗಳ ಪಾಟಿಯಿಂದ ಆರಂಭಿಸಬೇಕು.

ಫೋರ್ಟಿನ ಹಳೆಯ ಸರ್ಕಾರಿ ಕಟ್ಟಡಗಳನ್ನು ತೋರಿಸುತ್ತ, ಇದು ಒಂದು ಕಾಲದಲ್ಲಿ ನಿಮ್ಮದೇ ರಾಜಧಾನಿ ಎಂದು ಗೆಳೆಯರಿಗೆ ನೆನಪಿಸಿದೆವು. ಧಾರವಾಡ, ಬೆಳಗಾವಿ, ಬಿಜಾಪುರಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತ್ಯದ ಜಿಲ್ಲೆಗಳಾಗಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ವರ್ಗವಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ತನಕ ಧಾರವಾಡದ ಕರ್ನಾಟಕ ಕಾಲೇಜಿನ ಪದವಿಗೆ ಮುಂಬಯಿ ವಿಶ್ವವಿದ್ಯಾಲಯದ ಮುದ್ರೆ ಬೀಳಬೇಕಿತ್ತು. ಆ ಕಾಲದ ಹುಬ್ಬಳ್ಳಿಯವನಿಗೆ ಮುಂಬಯಿ ಪರದೇಶವಾಗಿರಲಿಲ್ಲ, ಕಚೇರಿಯ ಕಾಗದದಲ್ಲಾದರೂ ಸ್ವದೇಶವೇ ಆಗಿತ್ತು.

ಧೋಬಿ ತಲಾವಿನ ಕಯಾನಿ ಹೋಟೆಲಿನಲ್ಲಿ ಬನ್‌ ಮಸ್ಕಾ, ಚಹಾ ಆಯಿತು. 1904ರ ಈ ಹೋಟೆಲು ಇರಾನಿಗಳದು. ಪರ್ಷಿಯಾದಿಂದ ಬಂದ ಈ ಜನ, ಹಿಂದೂ ವ್ಯಾಪಾರಿಗಳು ಅಶುಭವೆಂದು ಬಿಟ್ಟ ಬೀದಿಮೂಲೆಯ ಅಂಗಡಿಗಳನ್ನು ಹಿಡಿದರೆಂದು ಹೇಳುತ್ತಾರೆ. ಮೂಲೆಯ ಅಂಗಡಿಗೆ ಎರಡು ಬೀದಿಯ ಗಿರಾಕಿ ಎಂಬ ಲೆಕ್ಕ ಅವರಿಗೆ ಹೊಳೆದಿತ್ತು. ಇರಾನಿಗಳ ಮಕ್ಕಳು ಬೇರೆ ಉದ್ಯೋಗ ಹಿಡಿದಂತೆ ಅಂಥ ಎಷ್ಟೋ ಮೂಲೆಗಳು ತುಳುನಾಡಿನ ಶೆಟ್ಟರ ಕೈಗೆ ಬಂದವು.

ಗಾಮ್‌ದೇವಿಯಲ್ಲಿ ತಿನ್ನಲು ನಿಲ್ಲಲಿಲ್ಲ, ನೋಡಲು ನಿಂತೆವು. ಕನ್ನಡ ಕರಾವಳಿಯಿಂದ ಬಂದ ಚಿತ್ರಾಪುರ ಸಾರಸ್ವತರು 1906ರಲ್ಲಿ ಶ್ಯಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕನ್ನೂ 1915ರಲ್ಲಿ ಇಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದರು. ಎರಡರ ಹಿಂದೆಯೂ ಇದ್ದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ದಾಳಿತೋವೆ, ಪತ್ರೊಡೆ, ಸುರನಳಿಗಳು ಆ ಬಾಗಿಲುಗಳೊಳಗೆ ಉಳಿದವು, ಬೀದಿಗೆ ಬರಲಿಲ್ಲ. ಸಂಸಾರ ಸಮೇತ ಬಂದವರ ಅಡುಗೆ ಮನೆಯಲ್ಲೇ ಉಳಿಯುತ್ತದೆ, ಒಂಟಿಯಾಗಿ ಬಂದವರ ಅಡುಗೆ ಹೋಟೆಲಾಗುತ್ತದೆ. ಈ ಒಂದು ಸೂತ್ರವನ್ನು ಹಿಡಿದರೆ ಮುಂಬಯಿಯ ಊಟದ ಚರಿತ್ರೆಯ ಅರ್ಧ ತಿಳಿಯುತ್ತದೆ.

ಬೈಕುಲಾ ದಾಟಿ ಅಂಬೇಡ್ಕರ್ ರಸ್ತೆ ಹಿಡಿದಾಗ ಆ ಸೂತ್ರಕ್ಕೆ ಇನ್ನೊಂದು ಸಾಕ್ಷ್ಯ ಸಿಕ್ಕಿತು. ಲಾಲ್‌ಬಾಗ್, ಪರೇಲಿನ ಈ ಪ್ರದೇಶವೇ ಗಿರಣಗಾವ್, ಬಟ್ಟೆ ಗಿರಣಿಗಳ ಊರು. 1854ರಲ್ಲಿ ಕಾವಸ್‌ಜಿ ದಾವರ್ ಮೊದಲ ಗಿರಣಿಯ ಕಂಪನಿ ಸ್ಥಾಪಿಸಿದ ಮೇಲೆ ರತ್ನಾಗಿರಿ, ಸಾತಾರಾ ಕಡೆಯ ಗಂಡಸರು ಸಾವಿರಗಟ್ಟಲೆ ಬಂದರು. ಚಾಳಿನ ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗಿದರು. ಅವರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕಿದವರು ಖಾನಾವಳಿಯ ಹೆಂಗಸರು. ಖಾನಾವಳಿ ಎಂಬ ಪದ ಕಿವಿಗೆ ಬಿದ್ದೊಡನೆ ಹುಬ್ಬಳ್ಳಿಯ ಗೆಳೆಯರ ಮುಖ ಅರಳಿತು. ಅವರ ಊರಿನ ರೊಟ್ಟಿ ಊಟದ ಅಂಗಡಿಗೂ ಅದೇ ಹೆಸರು. 1975ರಲ್ಲಿ ಪ್ರೇಮಾ ಪುರವ್ ಅವರು ಈ ಹೆಂಗಸರನ್ನು ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಸಂಘಟಿಸಿ ಬ್ಯಾಂಕಿನ ಸಾಲ ದೊರಕುವಂತೆ ಮಾಡಿದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳು ಮತ್ತೆ ಮೊದಲಿನಂತಾಗಲಿಲ್ಲ. ಈಗ ಅಲ್ಲಿ ಗಾಜಿನ ಗೋಪುರಗಳಿವೆ, ನಡುವೆ ಅಲ್ಲಲ್ಲಿ ಹೊಗೆಯಿಲ್ಲದ ಚಿಮಣಿಗಳು.

ದಾದರಿನಲ್ಲಿ ಗೆಳೆಯರು ಕಾಯುತ್ತಿದ್ದ ವಡಾಪಾವ್. ರೈಲು ನಿಲ್ದಾಣದ ಹೊರಗೆ 1966ರಲ್ಲಿ ಅಶೋಕ್ ವೈದ್ಯ ಎಂಬುವರು ಬಟಾಟಾ ವಡೆಯನ್ನು ಪಾವಿನೊಳಗಿಟ್ಟು ಮಾರತೊಡಗಿದರು ಎಂಬುದು ಪ್ರಚಲಿತ ಕಥನ. ನಿಂತಲ್ಲೇ ತಿನ್ನಬಹುದು, ತಟ್ಟೆ ಬೇಡ, ಗಿರಣಿಯ ಭೋಂಗಾ ಕೂಗುವಷ್ಟರಲ್ಲಿ ಮುಗಿಸಬಹುದು. ಮುಂಬಯಿಯದೇ ಆದದ್ದು ಎಂದು ಕರೆಯಲು ಇದಕ್ಕಿಂತ ಹೆಚ್ಚಿನ ಹಕ್ಕು ಬೇರೆ ಯಾವ ತಿಂಡಿಗಿದೆ? ಆದರೂ ಬಿಚ್ಚಿ ನೋಡಿದೆವು. ಪಾವ್ ಪೋರ್ಚುಗೀಸರ ಪದ, ಅವರ ಬ್ರೆಡ್ಡು. ಗೋವೆಯ ಬೇಕರಿಯವರು ಅದನ್ನು ಇಲ್ಲಿ ಮನೆಮಾತಾಗಿಸಿದರು. ಬಟಾಟಾ ಎಂಬ ಹೆಸರೂ ಪೋರ್ಚುಗೀಸರಿಂದ ಬಂದುದೇ. ನಮ್ಮ ಕರಾವಳಿಯ ‘ಬಟಾಟೆ’ಯೂ ಅದೇ. ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಕಡಲೆಹಿಟ್ಟು, ಬೆಳ್ಳುಳ್ಳಿ, ಕುದಿಯುವ ಎಣ್ಣೆಯಷ್ಟೇ ಹಳೆಯವು. ಇಷ್ಟೆಲ್ಲ ತಿಳಿದ ಮೇಲೂ ರುಚಿಯೇನೂ ಕಡಿಮೆಯಾಗಲಿಲ್ಲ, ಎರಡನೆಯದನ್ನೂ ತಿಂದೆವು.

1966ಕ್ಕೆ ಇನ್ನೊಂದು ಮಹತ್ವವಿದೆ. ಶಿವಸೇನೆ ಸ್ಥಾಪನೆಯಾದದ್ದು ಅದೇ ವರ್ಷದ ಜೂನ್ 19ರಂದು. ಅದಕ್ಕೆ ಮೊದಲೇ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರಿನ ಪಟ್ಟಿಗಳನ್ನು ಅಚ್ಚು ಹಾಕುತ್ತಿತ್ತು. ಮರಾಠಿ ಯುವಕರ ನಿರುದ್ಯೋಗ ನಿಜವಾದ ಸಂಕಟವಾಗಿತ್ತು. ಆ ಸಂಕಟದ ಸಿಟ್ಟಿಗೆ ಕಣ್ಣೆದುರೇ ಇದ್ದ ಗುರಿ ಉಡುಪಿ ಹೋಟೆಲು. ಮುಂದಿನ ವರ್ಷಗಳಲ್ಲಿ ವಡಾಪಾವ್ ಗಾಡಿಗಳಿಗೆ ಪಕ್ಷದ ಪ್ರೋತ್ಸಾಹ ದೊರೆಯಿತು. ಇಡ್ಲಿಯೆದುರು ವಡೆಯನ್ನು ನಿಲ್ಲಿಸಿದ ರಾಜಕಾರಣದಲ್ಲಿ ಇಡ್ಲಿಗೂ ವಡೆಗೂ ಜಗಳವೇನೂ ಇರಲಿಲ್ಲ.

ಮಾಟುಂಗಾ ತಲುಪಿದಾಗ ಊಟದ ಹೊತ್ತು. ಈ ಬಡಾವಣೆ ಹುಟ್ಟಿದ್ದು ಒಂದು ಸಾಂಕ್ರಾಮಿಕದಿಂದ. 1896ರ ಪ್ಲೇಗಿಗೆ ತತ್ತರಿಸಿದ ಸರ್ಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ರಚಿಸಿ, ಇಕ್ಕಟ್ಟಾದ ದಕ್ಷಿಣ ಭಾಗದಿಂದ ಜನರನ್ನು ಸರಿಸಲು ದಾದರ್–ಮಾಟುಂಗಾ ಕಡೆ ಅಗಲ ರಸ್ತೆಗಳ ಬಡಾವಣೆಗಳನ್ನು ಯೋಜಿಸಿತು. ರೈಲ್ವೆಯ, ಬ್ಯಾಂಕಿನ, ಸರ್ಕಾರದ ಕಚೇರಿಗಳಲ್ಲಿ ಲೆಕ್ಕ ಬರೆಯಲು ಬಂದ ದಕ್ಷಿಣದ ಗುಮಾಸ್ತರು ಇಲ್ಲಿ ಬಾಡಿಗೆಗೆ ನಿಂತರು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಎರಡೂ ಈ ಸುತ್ತಿನಲ್ಲೇ ಬೇರೂರಿದವು. ಗುಮಾಸ್ತರ ಹಿಂದೆಯೇ ಅಡುಗೆಯವರು ಬಂದರು. ಕಿಂಗ್ಸ್ ಸರ್ಕಲ್ಲಿನ ಕೆಫೆ ಮೈಸೂರು 1936ರದು, ಕೆಫೆ ಮದ್ರಾಸ್ 1940ರದು. ಎರಡನ್ನೂ ತೆರೆದವರು ನಮ್ಮ ಕರಾವಳಿಯವರು. ಮದ್ರಾಸ್ ಎಂದೇಕೆ ಹೆಸರಿಟ್ಟರು ಎಂದು ಗೆಳೆಯರಿಗೆ ಕುತೂಹಲ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಮುಂಬಯಿಯ ಗಿರಾಕಿಗೆ ವಿಂಧ್ಯದ ಕೆಳಗಿನವರೆಲ್ಲ ಮದ್ರಾಸಿಗಳು. ಹೆಸರು ಸುಳ್ಳೇನೂ ಆಗಿರಲಿಲ್ಲ.

ನಾವು ಉಂಡದ್ದು ರೈಲು ನಿಲ್ದಾಣದ ಪಕ್ಕದ ಮಹಡಿಯ ಮೇಲಿನ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ. ಎ. ರಾಮ ನಾಯಕರು ಇದನ್ನು ತೆರೆದದ್ದು 1942ರಲ್ಲಿ, ಮಹಾಯುದ್ಧದ ನಡುವೆ. ಮರುವರ್ಷವೇ ಮುಂಬಯಿಯಲ್ಲಿ ಪಡಿತರ ಜಾರಿಗೆ ಬಂತು. ಅಕ್ಕಿಯನ್ನು ಸೇರಿನಲ್ಲಿ ಎಣಿಸುವ ಕಾಲದಲ್ಲಿ ಹೊಟ್ಟೆ ತುಂಬ ಅನ್ನ ಹಾಕುವ ಹೋಟೆಲನ್ನು ನಡೆಸುವುದೆಂದರೆ ಏನೆಂದು ಊಹಿಸಿದರೆ ಬಾಳೆಲೆಯ ಮೇಲಿನ ಅನ್ನಕ್ಕೆ ಬೇರೆಯೇ ತೂಕ ಬರುತ್ತದೆ. ಇಂದಿಗೂ ಅಲ್ಲಿ ಅಬ್ಬರವಿಲ್ಲ. ಎಲೆ, ಪಲ್ಯ, ಸಾರು, ಮಜ್ಜಿಗೆ, ಮತ್ತೊಮ್ಮೆ ಬಡಿಸಲು ಬರುವ ಕೈ.

ಇಲ್ಲಿಗೆ ಬಂದ ದಾರಿಯೂ ಸುಲಭದ್ದಾಗಿರಲಿಲ್ಲ. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು. ಆದರೆ ಅದು ಮದ್ರಾಸಿನ ಕಡೆಗೆ ಒಯ್ಯುತ್ತಿತ್ತು. ಮುಂಬಯಿಗೆ ಬರುವವರು ಹಡಗು ಹತ್ತಬೇಕು, ಅನಂತರದ ಕಾಲದಲ್ಲಿ ಬಸ್ಸು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರ ಜನವರಿ 26ರಿಂದ. ಮೊಗವೀರರು 1902ರಲ್ಲೇ ಇಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರೆಂದರೆ, ಕಡಲ ದಾರಿ ಎಷ್ಟು ಹಳೆಯದೆಂದು ತಿಳಿಯುತ್ತದೆ. 1974ರ ಭೂಸುಧಾರಣೆಯ ಬಳಿಕ ಗೇಣಿಯ ಆದಾಯ ಕಳೆದುಕೊಂಡ ಬಂಟರ ಮನೆಗಳಿಂದಲೂ ಹುಡುಗರು ಹೊರಟರು. ಬಂದವರು ಊರಿನ ಅಡುಗೆಯನ್ನು ಹಾಗೇ ಕಾಪಾಡಿಕೊಂಡು ಕೂರಲಿಲ್ಲ. ಗುಜರಾತಿ ಗಿರಾಕಿಗಾಗಿ ಸಾಂಬಾರಿಗೆ ಇನ್ನಷ್ಟು ಸಿಹಿ ಸೇರಿತು, ದೋಸೆಯ ಕಾವಲಿಯ ಪಕ್ಕದಲ್ಲೇ ಪಾವ್‌ಭಾಜಿಯ ತವಾ ಬಂತು, ಮೈಸೂರು ಮಸಾಲೆ ದೋಸೆ ಮೈಸೂರಿಗರೇ ಗುರುತಿಸಲಾರದ ರೂಪ ತಾಳಿತು.

ಊಟದ ಮೇಲೆ ಸಾಯನ್ ಕೋಳಿವಾಡಕ್ಕೆ ಹೋದೆವು. ಕನ್ನಡದ ಕಿವಿಗೆ ಈ ಹೆಸರು ಕೋಳಿಯ ಕೇರಿ ಎಂದು ಕೇಳಿಸುತ್ತದೆ. ನಿಜಕ್ಕೆ ಇದು ಕೋಳಿ ಜನರ, ಅಂದರೆ ಬೆಸ್ತರ ಕೇರಿ. ಏಳು ದ್ವೀಪಗಳು ಒಂದಾಗಿ ನಗರವಾಗುವ ಮೊದಲೇ ಇಲ್ಲಿದ್ದವರು, ಮುಂಬಾದೇವಿಯ ಒಕ್ಕಲು. ಹಾಗಾದರೆ ‘ಕೋಳಿವಾಡ’ ಎಂಬ ಹೆಸರಿನ ಹುರಿದ ಸೀಗಡಿಯಾದರೂ ಅಪ್ಪಟ ಸ್ಥಳೀಯವೇ? ಅದೂ ಅಲ್ಲ. ದೇಶವಿಭಜನೆಯ ಬಳಿಕ ಇಲ್ಲಿ ನೆಲೆಗೊಂಡ ಪಂಜಾಬಿ ನಿರಾಶ್ರಿತರ ಅಡುಗೆಯಿಂದ ಬೆಳೆದ ಖಾದ್ಯ ಅದು. ಹೆಸರು ಬೆಸ್ತರದು, ಸೀಗಡಿ ಕಡಲಿನದು, ಮಸಾಲೆ ಪಂಜಾಬಿನದು.

ಧಾರಾವಿಯ ಅಂಚಿನಿಂದ ಮಾಹೀಮಿಗೆ ಬಂದಾಗ ಮಾತು ಕೊಂಚ ತಗ್ಗಿತು. 1969ರ ಫೆಬ್ರವರಿಯಲ್ಲಿ, ಗಡಿವಿವಾದದ ಕಾವಿನಲ್ಲಿ, ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರನ್ನು ತಡೆಯುವ ಯತ್ನ ನಡೆದದ್ದು ಇಲ್ಲಿ. ಬಳಿಕ ಹಲವು ದಿನ ನಗರ ಉರಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಕನ್ನಡಿಗರ ಹೋಟೆಲುಗಳೂ ದಾಳಿಗೆ ತುತ್ತಾದವು. ಬೆಳಗಾವಿಯ ಬಗೆಗಿನ ಜಗಳಕ್ಕೆ ಬೆಲೆ ತೆತ್ತವರಲ್ಲಿ ಬೆಳಗಾವಿಯನ್ನು ಕಣ್ಣಾರೆ ಕಂಡಿರದ ಕುಂದಾಪುರದ ಮಾಣಿಗಳೂ ಇದ್ದಿರಬೇಕು. ಆದರೂ ಕದಗಳು ಮತ್ತೆ ತೆರೆದವು. ಅದೇ ಬೀದಿಯ ಮರಾಠಿ ಗಿರಾಕಿಗಳು ಅದೇ ಮೇಜಿಗೆ ಮರಳಿ ಬಂದು ಕೂತರು. ಈ ಮರಳುವಿಕೆಯನ್ನು ಯಾವ ಆಯೋಗದ ವರದಿಯೂ ದಾಖಲಿಸುವುದಿಲ್ಲ. ಈ ನಗರ ನಮ್ಮವರಿಗೆ ಕೊಟ್ಟ ನಿಜವಾದ ಪೌರತ್ವಪತ್ರ ಅದೇ ಎಂದು ನಮ್ಮ ಭಾವನೆ.

ಸಂಜೆ ಜುಹುವಿನಲ್ಲಿ ಸೀತಾಫಲದ ಐಸ್‌ಕ್ರೀಮ್. ಮೂಲ್ಕಿಯ ಹಣ್ಣು ವ್ಯಾಪಾರಿಯ ಮಗ ರಘುನಂದನ ಕಾಮತರು ಹದಿಹರೆಯದಲ್ಲಿ ಅಣ್ಣಂದಿರ ಹೋಟೆಲಿಗೆ ಬಂದವರು. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ‘ನ್ಯಾಚುರಲ್ಸ್’ ತೆರೆದಾಗ ಬರಿಯ ಐಸ್‌ಕ್ರೀಮಿಗೆ ಗಿರಾಕಿ ಬರುವರೆಂಬ ಭರವಸೆಯಿಲ್ಲದೆ ಜೊತೆಗೆ ಪಾವ್‌ಭಾಜಿಯನ್ನೂ ಮಾರಿದರು. ಖಾರ ತಿಂದವನು ತಂಪು ಕೇಳಿಯೇ ಕೇಳುತ್ತಾನೆ. ತಂದೆಯಿಂದ ಕಲಿತ ಹಣ್ಣಿನ ಪರೀಕ್ಷೆ ಮುಂದಿನದನ್ನು ನೋಡಿಕೊಂಡಿತು. 2024ರ ಮೇ ತಿಂಗಳಿನಲ್ಲಿ ಅವರು ತೀರಿಕೊಂಡಾಗ ಮುಂಬಯಿಯ ಪತ್ರಿಕೆಗಳು ಅವರನ್ನು ತಮ್ಮ ಊರಿನವರೆಂದೇ ಬರೆದವು. ಸೀತಾಫಲವೂ ಅಮೆರಿಕದಿಂದ ಬಂದ ಹಣ್ಣೇ ಎಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ.

ಇಡೀ ದಿನದ ವಿಚಾರಣೆಯಲ್ಲಿ ಒಂದು ತಟ್ಟೆಯೂ ಅಪ್ಪಟ ಸ್ಥಳೀಯವೆಂದು ಸಾಬೀತಾಗಲಿಲ್ಲ. ಹಾಗೆಂದು ಯಾವುದೂ ಪರಕೀಯವೆನಿಸಲೂ ಇಲ್ಲ. ಊರಿನ ತಿಂಡಿ ಎಂಬ ಪಟ್ಟ ಹುಟ್ಟಿನಿಂದ ಬರುವುದಿಲ್ಲ. ದಿನವೂ ಬೆಳಗ್ಗೆ ಬೇಯಿಸಿ, ದಿನವೂ ಯಾರದೋ ಹಸಿವು ಕಳೆದು, ವರ್ಷಗಳ ಮೇಲೆ ಸಿಗುತ್ತದೆ. ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಸಮಾಧಾನವೂ ಇದೆ, ಹೊಣೆಯೂ ಇದೆ. ನಿನ್ನೆ ಮೊನ್ನೆ ಉತ್ತರದಿಂದ ಬಂದು ನಮ್ಮ ಬೆಂಗಳೂರಿನ ಬೀದಿಯಲ್ಲಿ ಪಾನಿಪುರಿ ಮಾರುವ ಹುಡುಗನಿಗೂ ನಾವು ಇದೇ ಅಳತೆಯನ್ನು ಬಳಸಬೇಕು. ಧಾರವಾಡದ ಪೇಡೆಯನ್ನೇ ನೋಡಿ. ಅದನ್ನು ಅಲ್ಲಿ ಮೊದಲು ಮಾಡಿದ್ದು ಉತ್ತರ ಪ್ರದೇಶದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ್ ಮನೆತನ. ಅದನ್ನು ಧಾರವಾಡದ್ದಲ್ಲ ಎನ್ನುವ ಧೈರ್ಯ ಇಂದು ಯಾರಿಗಿದೆ?