ಲ್ಯಾಪ್‌ಟಾಪೋ, ಹೈಬ್ರಿಡ್ ಟ್ಯಾಬ್ಲೆಟೋ? ಕೊಳ್ಳುವ ಮುನ್ನ ಇದನ್ನೊಮ್ಮೆ ಓದಿ

ಸಾಂಗ್ಲಿ-ಮಿರಜ್: ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು ಕಾಲೇಜು ಪ್ರವೇಶ ಶುರುವಾಯಿತೆಂದರೆ ಜತ್ತ, ಅಥಣಿ, ಕುಡಚಿ ಕಡೆಯ ಮನೆಗಳಲ್ಲಿ ಹೊಸದೊಂದು ಖರ್ಚಿನ ಮಾತು ಏಳುತ್ತದೆ. ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸಬೇಕು. ದ್ರಾಕ್ಷಿಯ ಅಥವಾ ಅರಿಶಿನದ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು ಸಾಂಗ್ಲಿಯ ಅಂಗಡಿಗೆ ಹೋದರೆ ಎರಡು ಬಗೆಯ ಯಂತ್ರಗಳನ್ನು ಮುಂದಿಡುತ್ತಾರೆ. ಒಂದು, ಎಲ್ಲರಿಗೂ ಗೊತ್ತಿರುವ ಲ್ಯಾಪ್‌ಟಾಪ್. ಇನ್ನೊಂದು, ಬೇಕಾದಾಗ ಲ್ಯಾಪ್‌ಟಾಪ್, ಬೇಡವಾದಾಗ ಟ್ಯಾಬ್ಲೆಟ್ ಆಗುವ ಹೈಬ್ರಿಡ್. ಎರಡನೆಯದು ತೆಳ್ಳಗೆ, ಹಗುರಾಗಿ, ನೋಡಲು ಚೆಂದ. ಆದರೆ ನಾಲ್ಕು ವರ್ಷದ ಓದಿಗೆ ಆಗಿಬರುವುದು ಯಾವುದು? ಒಮ್ಮೆ ಕೊಂಡರೆ ಮತ್ತೆ ಕೊಳ್ಳುವ ಅನುಕೂಲ ಇಲ್ಲದವರು ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಹೈಬ್ರಿಡ್ ಎಂದರೆ ಯಾವುದು?

ಅಂಗಡಿಯವರು ಹೈಬ್ರಿಡ್ ಅಥವಾ ಟು-ಇನ್-ಒನ್ ಎಂದು ಕರೆಯುವ ಯಂತ್ರಗಳಲ್ಲಿ ಮೂರು ಜಾತಿಗಳಿವೆ.

ಮೊದಲನೆಯದು ಮಡಚುವಂಥದ್ದು. ಪರದೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಟ್ಯಾಬ್ಲೆಟ್‌ನಂತೆ ಹಿಡಿಯಬಹುದು. ಲೆನೊವೊ ಕಂಪನಿಯ ಯೋಗಾ 2012ರಲ್ಲಿ ಬಂದ ಮೇಲೆ ಈ ಬಗೆ ಪ್ರಚಾರಕ್ಕೆ ಬಂತು. ಇದು ನಿಜದಲ್ಲಿ ಲ್ಯಾಪ್‌ಟಾಪೇ, ಪರದೆ ಮುಟ್ಟಿದರೆ ಕೆಲಸ ಮಾಡುತ್ತದೆ ಅಷ್ಟೇ.

ಎರಡನೆಯದು ಕಳಚುವಂಥದ್ದು. ಮೈಕ್ರೋಸಾಫ್ಟ್ ಸರ್ಫೇಸ್ ಇದಕ್ಕೆ ಉದಾಹರಣೆ. ಕಂಪ್ಯೂಟರಿನ ಎಲ್ಲ ಭಾಗಗಳೂ ಪರದೆಯ ಹಿಂದೆಯೇ ಇರುತ್ತವೆ. ಕೀಬೋರ್ಡನ್ನು ಕಿತ್ತು ಬದಿಗಿಡಬಹುದು.

ಮೂರನೆಯದು ಆಂಡ್ರಾಯ್ಡ್ ಟ್ಯಾಬ್ ಅಥವಾ ಐಪ್ಯಾಡ್‌ಗೆ ಕೀಬೋರ್ಡ್ ಜೋಡಿಸಿ ಮಾರುವಂಥದ್ದು. ದೂರದಿಂದ ನೋಡಿದರೆ ಲ್ಯಾಪ್‌ಟಾಪ್‌ನಂತೆಯೇ ಕಾಣುತ್ತದೆ. ಒಳಗಿರುವುದು ಮಾತ್ರ ಮೊಬೈಲ್ ಫೋನಿನ ಬಗೆಯ ವ್ಯವಸ್ಥೆ. ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶಗಳು ಇದರಲ್ಲಿ ನಡೆಯುವುದಿಲ್ಲ. ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ!

ಸ್ವಲ್ಪ ಹಿನ್ನೆಲೆ

ಕೈಯಲ್ಲಿ ಹಿಡಿದು ಬರೆಯುವ ಕಂಪ್ಯೂಟರಿನ ಕನಸು ನಮ್ಮವರಿಗೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತ್ತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಟ್ಯಾಬ್ಲೆಟ್ ಮನೆಮಾತಾಯಿತು.

2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಮೊದಲ ಸರ್ಫೇಸ್ ಬಿಡುಗಡೆ ಮಾಡಿತು. ಅದರಲ್ಲಿದ್ದದ್ದು ವಿಂಡೋಸ್ ಆರ್‌ಟಿ. ಹೆಸರು ವಿಂಡೋಸ್ ಆದರೂ ಹಳೆಯ ವಿಂಡೋಸ್ ತಂತ್ರಾಂಶಗಳನ್ನು ಅದರಲ್ಲಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗ್ರಾಹಕರು ಬೆನ್ನು ತಿರುಗಿಸಿದರು. 2013ರಲ್ಲಿ ಕಂಪನಿ ಸುಮಾರು 90 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು.

ಈ ಹಳೆಯ ಕಥೆ ಇಂದಿಗೂ ಪ್ರಯೋಜನಕ್ಕೆ ಬರುತ್ತದೆ. ಈಗಲೂ ಕೆಲವು ತೆಳುವಾದ ಯಂತ್ರಗಳಲ್ಲಿ ಇಂಟೆಲ್ ಅಥವಾ ಎಎಂಡಿ ಬದಲು ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇರುತ್ತದೆ. ಇವು 2012ರ ಯಂತ್ರಗಳಿಗಿಂತ ಎಷ್ಟೋ ಮೇಲು, ಹಳೆಯ ತಂತ್ರಾಂಶಗಳಲ್ಲಿ ಬಹಳಷ್ಟನ್ನು ನಡೆಸುತ್ತವೆ. ಆದರೆ ಕೆಲವು ಇಂಜಿನಿಯರಿಂಗ್ ತಂತ್ರಾಂಶಗಳು ಮತ್ತು ಹಳೆಯ ಪ್ರಿಂಟರುಗಳು ಇವುಗಳಲ್ಲಿ ತೊಂದರೆ ಕೊಡಬಹುದು. ಆದ್ದರಿಂದ ಪ್ರೊಸೆಸರ್ ಯಾವುದೆಂದು ಕೇಳದೆ ಕೊಳ್ಳಬೇಡಿ.

ಯಾವ ಓದಿಗೆ ಯಾವುದು?

ಇಂಜಿನಿಯರಿಂಗ್: ಸಾಂಗ್ಲಿಯ ವಿಶ್ರಾಮಬಾಗ್‌ನಲ್ಲಿರುವ ವಾಲ್‌ಚಂದ್ ಇಂಜಿನಿಯರಿಂಗ್ ಕಾಲೇಜಿಗೆ (ಸ್ಥಾಪನೆ 1947) ಸೇರಲಿ, ಬೆಳಗಾವಿಯ ಕಾಲೇಜಿಗೆ ಸೇರಲಿ, ಲ್ಯಾಪ್‌ಟಾಪೇ ಸರಿ. ನಕ್ಷೆ ಬಿಡಿಸುವ ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶಕ್ಕೆ ವಿಂಡೋಸ್ ಕಂಪ್ಯೂಟರೇ ಬೇಕು. ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ 512 ಜಿಬಿ ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ.

ವಾಣಿಜ್ಯ: ಟ್ಯಾಲಿ, ಎಕ್ಸೆಲ್ ಕಲಿಯುವವರಿಗೂ ಲ್ಯಾಪ್‌ಟಾಪೇ ಬೇಕು. ಇಲ್ಲಿ 8 ಜಿಬಿ ರ‍್ಯಾಮ್ ಸಾಕು.

ವೈದ್ಯಕೀಯ: ಮಿರಜ್‌ನ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ ಕಡೆ ಓದುವವರಿಗೆ ದಪ್ಪ ದಪ್ಪ ಪುಸ್ತಕಗಳ ಪಿಡಿಎಫ್ ಓದುವುದು, ಚಿತ್ರದ ಮೇಲೆ ಗುರುತು ಹಾಕುವುದು, ಪೆನ್ನಿನಲ್ಲಿ ಟಿಪ್ಪಣಿ ಬರೆಯುವುದೇ ಹೆಚ್ಚು. ಹೈಬ್ರಿಡ್‌ಗೆ ಕೊಟ್ಟ ಹಣ ಸಾರ್ಥಕವಾಗುವುದು ಇಂಥವರಿಗೆ.

ಹನ್ನೊಂದು, ಹನ್ನೆರಡನೆಯ ತರಗತಿ: ಪಾಠ ಕೇಳಲು, ಬಾಲಭಾರತಿಯ ಕನ್ನಡ ಅಥವಾ ಮರಾಠಿ ಪುಸ್ತಕ ಓದಲು ಸಾದಾ ಟ್ಯಾಬ್ ಸಾಕು. ಜೆಇಇ, ನೀಟ್, ಸಿಇಟಿ ತಯಾರಿ ಮಾಡುವ ಒಬಿಸಿ, ವಿಜೆಎನ್‌ಟಿ, ಎಸ್‌ಬಿಸಿ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರದ ಮಹಾಜ್ಯೋತಿ ಸಂಸ್ಥೆ ಉಚಿತ ಟ್ಯಾಬ್ ಕೊಡುತ್ತ ಬಂದಿದೆ. ಕೊಳ್ಳುವ ಮೊದಲು ಅಲ್ಲಿ ಅರ್ಜಿ ಕರೆದಿದ್ದಾರೆಯೇ ಎಂದು ವಿಚಾರಿಸಿ.

ಶಿಕ್ಷಕರು: ಜತ್ತ ತಾಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳ ಗುರುಗಳು ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ, ಕಚೇರಿಯ ವರದಿಯನ್ನು ಮರಾಠಿಯಲ್ಲಿ ಸಿದ್ಧಪಡಿಸಬೇಕು. ಇವರಿಗೂ ಕೀಬೋರ್ಡ್ ಇರುವ ಲ್ಯಾಪ್‌ಟಾಪೇ ಸೂಕ್ತ.

ಇನ್ನು ಸಾತ್‌ಬಾರಾ ಉತಾರ ನೋಡಲು, ಆ ಕಡೆಯ ಹೊಲದ ಪಹಣಿ ನೋಡಲು ಎರಡೂ ಬೇಡ. ಕೈಯಲ್ಲಿರುವ ಮೊಬೈಲೇ ಸಾಕು.

ಎರಡು ಭಾಷೆ, ಒಂದೇ ಕೀಬೋರ್ಡ್

ಗಡಿಭಾಗದ ನಮಗೆ ಎರಡು ಲಿಪಿಗಳ ಕೆಲಸ. ಇದಕ್ಕೊಂದು ಸುಲಭ ದಾರಿಯಿದೆ. ವಿಂಡೋಸ್‌ನಲ್ಲಿ ಕನ್ನಡಕ್ಕೂ ಮರಾಠಿಗೂ ಇನ್‌ಸ್ಕ್ರಿಪ್ಟ್ ಕೀಲಿಮಣೆ ಉಚಿತವಾಗಿಯೇ ಇರುತ್ತದೆ. ಇದರಲ್ಲಿ ಎರಡೂ ಭಾಷೆಗಳಿಗೆ ಸಮಾನವಾದ ಅಕ್ಷರಗಳ ಜಾಗ ಒಂದೇ. ಸಿ, ಎಫ್, ಜೆ, ಪಿ ಎಂಬ ನಾಲ್ಕು ಕೀಲಿಗಳನ್ನು ಸಾಲಾಗಿ ಒತ್ತಿ ನೋಡಿ. ಕನ್ನಡ ಆಯ್ದುಕೊಂಡಿದ್ದರೆ ಕನ್ನಡದಲ್ಲಿ, ಮರಾಠಿ ಆಯ್ದುಕೊಂಡಿದ್ದರೆ ದೇವನಾಗರಿಯಲ್ಲಿ 'ಮಿರಜ' ಎಂದು ಮೂಡುತ್ತದೆ. ಕನ್ನಡದ ಹ್ರಸ್ವ ಎ, ಒ ಅಕ್ಷರಗಳಿಗೆ ಮಾತ್ರ ಬೇರೆ ಕೀಲಿಗಳಿವೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಒಂದು ಸಲ ಬೆರಳಿಗೆ ಹತ್ತಿದರೆ ಎರಡೂ ಭಾಷೆ ಬಂದಂತೆ!

ಟ್ಯಾಬ್‌ನಲ್ಲಿ ಗೂಗಲ್‌ನ ಜಿಬೋರ್ಡ್ ಹಾಕಿಕೊಂಡರೆ ಬಾಯಲ್ಲಿ ಹೇಳಿ ಅಥವಾ ಪರದೆಯ ಮೇಲೆ ಬೆರಳಿನಲ್ಲಿ ಗೀಚಿ ಕನ್ನಡ, ಮರಾಠಿ ಎರಡನ್ನೂ ಬರೆಯಬಹುದು. ನಾಲ್ಕು ಸಾಲಿನ ಸಂದೇಶಕ್ಕೆ ಇದು ಚೆನ್ನ. ನಲವತ್ತು ಪುಟದ ಪ್ರಬಂಧಕ್ಕೆ ಸಾಲದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತಗಳು ಟ್ಯಾಬ್‌ನಲ್ಲಿ ಸಾಮಾನ್ಯವಾಗಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ ಎಂಬುದೂ ನೆನಪಿರಲಿ.

ಕರ್ನಾಟಕ ಸರ್ಕಾರ ಎರಡನ್ನೂ ಕೊಟ್ಟಿತ್ತು

ಲ್ಯಾಪ್‌ಟಾಪೋ ಟ್ಯಾಬೋ ಎಂಬ ಪ್ರಶ್ನೆ ಸರ್ಕಾರಕ್ಕೂ ಎದುರಾಗಿತ್ತು. ಕರ್ನಾಟಕವು 2019-20ನೇ ಸಾಲಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುವ ಯೋಜನೆ ಕೈಗೊಂಡಿತು. ಕೊರೋನಾ ಕಾಲದಲ್ಲಿ, 2021ರ ಜೂನ್‌ನಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಪಿಸಿ ಕೊಡಲು ಮುಂದಾಯಿತು. ಆಗ ತರಗತಿಗಳು ಮುಚ್ಚಿದ್ದವು, ಮನೆಯಲ್ಲೇ ಕುಳಿತು ಪಾಠ ಕೇಳಬೇಕಿತ್ತು, ಅದಕ್ಕೆ ಟ್ಯಾಬ್ ಸಾಕಾಗುತ್ತಿತ್ತು. ಪ್ರಾಜೆಕ್ಟ್ ಬರೆಯುವ, ಪ್ರೋಗ್ರಾಂ ಮಾಡುವ ಕೆಲಸಕ್ಕೆ ಅದೇ ಟ್ಯಾಬ್ ಆಗಿಬರುವುದಿಲ್ಲ. ಮೊದಲು ಕೆಲಸ ಯಾವುದೆಂದು ನೋಡಿ, ಆಮೇಲೆ ಯಂತ್ರ ನೋಡಬೇಕು.

ಬಿಸಿಲು, ಕರೆಂಟು, ರಿಪೇರಿ

ಇಂಥ ಯಂತ್ರಗಳನ್ನು ಸಾಮಾನ್ಯವಾಗಿ 35 ಡಿಗ್ರಿ ಒಳಗಿನ ಉಷ್ಣತೆಯಲ್ಲಿ ಬಳಸಲು ಕಂಪನಿಗಳು ಹೇಳುತ್ತವೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪತ್ರಾಸ್ ಮನೆಯೊಳಗೆ ಇದನ್ನು ಪಾಲಿಸುವುದು ಕಷ್ಟ. ಹಲವು ತೆಳು ಹೈಬ್ರಿಡ್‌ಗಳಲ್ಲಿ ಫ್ಯಾನ್ ಇರುವುದಿಲ್ಲ. ಬಿಸಿಯಾದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಇದ್ದರೂ ಧೂಳು ತುಂಬುತ್ತದೆ, ವರ್ಷಕ್ಕೊಮ್ಮೆ ತೆರೆಸಿ ಒರೆಸಿಸಬೇಕು.

ಕರೆಂಟ್ ಹೋಗುವ ಊರಿನಲ್ಲಿ ಟ್ಯಾಬ್ ಮೇಲುಗೈ. ಸಣ್ಣ ಪವರ್ ಬ್ಯಾಂಕ್‌ನಿಂದಲೂ ಚಾರ್ಜ್ ಆಗುತ್ತದೆ. ಕುಡಚಿ, ಉಗಾರ, ಶೇಡಬಾಳದಿಂದ ರೈಲಿನಲ್ಲಿ ಮಿರಜ್‌ಗೆ ಓಡಾಡುವ ವಿದ್ಯಾರ್ಥಿಗಳಿಗೂ ಹಗುರವಾದದ್ದು ಅನುಕೂಲ.

ರಿಪೇರಿಗೆ ಬಂದರೆ ಲ್ಯಾಪ್‌ಟಾಪ್ ಮುಂದು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ, ಬ್ಯಾಟರಿ, ಕೀಬೋರ್ಡ್ ಬದಲಿಸಬಹುದು, ಕೆಲವದರಲ್ಲಿ ರ‍್ಯಾಮ್ ಕೂಡ ಹೆಚ್ಚಿಸಬಹುದು. ಕಳಚುವ ಹೈಬ್ರಿಡ್‌ಗಳಲ್ಲಿ ಪರದೆಯನ್ನು ಸಾಮಾನ್ಯವಾಗಿ ಅಂಟಿನಿಂದ ಕೂರಿಸಿರುತ್ತಾರೆ, ರ‍್ಯಾಮ್ ಬೆಸುಗೆ ಹಾಕಿರುತ್ತಾರೆ. ಪರದೆ ಒಡೆದರೆ ಖರ್ಚು ದೊಡ್ಡದು. ಮೊದಲ ಸರ್ಫೇಸ್ ಪ್ರೊಗೆ 2013ರಲ್ಲಿ ಐಫಿಕ್ಸಿಟ್ ಸಂಸ್ಥೆ ರಿಪೇರಿಯ ಸುಲಭತೆಗೆ 10ರಲ್ಲಿ 1 ಅಂಕ ಕೊಟ್ಟಿತ್ತು. ಆಮೇಲೆ ಬಂದವು ಸುಧಾರಿಸಿವೆ, ಆದರೂ ಊರ ರಿಪೇರಿ ಅಂಗಡಿಯಲ್ಲಿ ಆಗುವ ಕೆಲಸ ಕಡಿಮೆ.

ದುಡ್ಡಿನ ಮಾತು

ಈ ಕಡೆ ಕೊಂಡರೆ ಅಗ್ಗವೋ, ಆ ಕಡೆ ಕೊಂಡರೆ ಅಗ್ಗವೋ ಎಂದು ಕೇಳುವವರಿದ್ದಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. ಸಾಂಗ್ಲಿಯಲ್ಲೂ ಬೆಳಗಾವಿಯಲ್ಲೂ ವಿಜಯಪುರದಲ್ಲೂ ಲ್ಯಾಪ್‌ಟಾಪ್, ಟ್ಯಾಬ್ ಎರಡಕ್ಕೂ 18 ಪ್ರತಿಶತ. ಹಾಗಾಗಿ ರಿಪೇರಿಗೆ ಎಲ್ಲಿ ಹೋಗಲು ಅನುಕೂಲವೋ ಅಲ್ಲೇ ಕೊಳ್ಳಿ. ಪಕ್ಕಾ ಬಿಲ್ ಮರೆಯಬೇಡಿ.

ಬ್ಯಾಂಕಿನಿಂದ ಶೈಕ್ಷಣಿಕ ಸಾಲ ಪಡೆಯುವವರು, ಓದಿಗೆ ಅಗತ್ಯವಿದ್ದರೆ ಕಂಪ್ಯೂಟರಿನ ವೆಚ್ಚವನ್ನೂ ಅದರಲ್ಲಿ ಸೇರಿಸಲು ಕೇಳಬಹುದು. ಅರ್ಜಿಯ ಜೊತೆಗೇ ಕೊಟೇಶನ್ ಇಡಿ.

ಹೈಬ್ರಿಡ್‌ಗೆ ಹೇಳುವ ಬೆಲೆಯಲ್ಲಿ ಹಲವು ಸಲ ಕೀಬೋರ್ಡ್, ಪೆನ್ ಸೇರಿರುವುದಿಲ್ಲ. ಎಲ್ಲ ಕೂಡಿಸಿ ಲೆಕ್ಕ ಹಾಕಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಇಂಟೆಲ್ ಆದರೆ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಯೋಚಿಸಿ.

ಅಂಗಡಿಯಲ್ಲಿ ಕೇಳಬೇಕಾದ ಆರು ಪ್ರಶ್ನೆಗಳು

1. ಇದರಲ್ಲಿರುವುದು ವಿಂಡೋಸೋ, ಆಂಡ್ರಾಯ್ಡೋ?
2. ಪ್ರೊಸೆಸರ್ ಯಾವುದು?
3. ಸಂಗ್ರಹ ಎಸ್‌ಎಸ್‌ಡಿಯೋ, ಇಎಂಎಂಸಿಯೋ? 64 ಜಿಬಿ ಇಎಂಎಂಸಿ ಇದ್ದರೆ ವಿಂಡೋಸ್ ಹಾಕಿದ ಮೇಲೆ ಹೆಚ್ಚು ಜಾಗ ಉಳಿಯುವುದಿಲ್ಲ, ಬೇಡವೆನ್ನಿ.
4. ರ‍್ಯಾಮ್ ಮುಂದೆ ಹೆಚ್ಚಿಸಬಹುದೇ?
5. ಕೀಬೋರ್ಡ್, ಪೆನ್ ಬೆಲೆಯಲ್ಲಿ ಸೇರಿವೆಯೇ?
6. ವಾರಂಟಿಯಲ್ಲಿ ಮನೆಗೆ ಬಂದು ರಿಪೇರಿ ಮಾಡುತ್ತಾರೆಯೇ, ನಾವೇ ಒಯ್ಯಬೇಕೇ? ಒಯ್ಯಬೇಕಾದರೆ ಯಾವ ಊರಿಗೆ?

ಒಟ್ಟಿನಲ್ಲಿ ಹೇಳುವುದಾದರೆ, ಮನೆಗೆ ಒಂದೇ ಕಂಪ್ಯೂಟರ್ ಕೊಳ್ಳುವವರು ಲ್ಯಾಪ್‌ಟಾಪ್ ಕೊಳ್ಳಲಿ. ದಿನವೂ ಪೆನ್ನಿನಲ್ಲಿ ಬರೆಯುವ ಓದು ಇದ್ದರೆ ಮಡಚುವ ಹೈಬ್ರಿಡ್ ನೋಡಬಹುದು. ಕೀಬೋರ್ಡ್ ಅಂಟಿಸಿದ ಟ್ಯಾಬನ್ನು ಕಂಪ್ಯೂಟರ್ ಎಂದು ಕೊಳ್ಳಬೇಡಿ. ಕಾಲೇಜಿನಲ್ಲಿ ಯಾವ ತಂತ್ರಾಂಶ ಕಲಿಸುತ್ತಾರೆಂದು ಮೊದಲೇ ವಿಚಾರಿಸಿಕೊಂಡು, ಆ ಚೀಟಿ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿ.